ಪಕ್ಕವಾದ್ಯ ಆಗಲು ಒಪ್ಪದ ಪಿಯಾನೊ

ಅಮೆರಿಕದ ಸಂಯೋಜಕಿ ಏಮಿ ಬೀಚ್ ಅವರ ಪಿಟೀಲು ಸೊನಾಟಾ, ಅಂದರೆ ಪಿಟೀಲು-ಪಿಯಾನೊ ಜೋಡಿಗೆ ಬರೆದ ಹಲವು ಭಾಗಗಳ ಕೃತಿ, ಶುರುವಾಗುವುದು ಪಿಟೀಲಿನಿಂದಲ್ಲ. ಪಿಯಾನೊದ ಎಡಗಡೆ, ತಗ್ಗು ಸ್ಥಾಯಿಯಲ್ಲಿ, ಒಂದು ರಾಗದ ಎಳೆ ಮೆಲ್ಲಗೆ ಹುಟ್ಟುತ್ತದೆ. ಒಂದೇ ಸ್ವರಗಳು, ಒಂದು ಸ್ಥಾಯಿಯ ಅಂತರದಲ್ಲಿ ಜೋಡಿಯಾಗಿ. ಅಷ್ಟೇ. ತುಂಬಿ ಕೊಡುವುದಕ್ಕೆ ಬೇರೇನೂ ಇಲ್ಲ. ಪಕ್ಕದಲ್ಲಿ ಕಮಾನು ಹಿಡಿದು ನಿಂತವರು ಕಾಯಬೇಕು. ಆಮೇಲೆ ಪಿಟೀಲು ಬರುತ್ತದೆ, ಹಾಡುತ್ತದೆ, ಮೇಲೇರುತ್ತದೆ, ಎಲ್ಲಾ ಸರಿ. ಆದರೆ ಮಾತು ತೆಗೆದದ್ದು ಯಾರು ಅನ್ನುವುದು ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ.

ಕರ್ನಾಟಕ ಸಂಗೀತ ಕೇಳುತ್ತಾ ಬೆಳೆದ ನನ್ನಂಥವರಿಗೆ ಪಿಟೀಲು ಅಂದರೆ ಮೊದಲು ನೆನಪಾಗುವುದು ಪಕ್ಕವಾದ್ಯ. ಹಾಡುವವರ ಬದಿಯಲ್ಲಿ ಕೂತು, ಅವರು ಹಾಡಿದ್ದನ್ನು ಹಿಂಬಾಲಿಸಿ, ಅವರು ಬಿಟ್ಟುಕೊಟ್ಟ ಜಾಗದಲ್ಲಿ ತನ್ನದೂ ಒಂದಿಷ್ಟು ತೋರಿಸುವ ವಾದ್ಯ. ನಮ್ಮ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಸಿಕೊಂಡದ್ದು ಕೂಡ ಮೈಕ್ ಇಲ್ಲದ ಕಾಲದಲ್ಲಿ, ದೊಡ್ಡ ಸಭೆಯ ಹಿಂದಿನ ಸಾಲಿಗೂ ಅದರ ದನಿ ಮುಟ್ಟಲಿ ಅಂತ. ಇಂಥ ಕಿವಿ ಇಟ್ಟುಕೊಂಡು ಪಶ್ಚಿಮದ ಪಿಟೀಲು-ಪಿಯಾನೊ ಸೊನಾಟಾ ಕೇಳುವಾಗ ನಾವು ಲೆಕ್ಕವನ್ನು ಸುಮ್ನೆ ತಿರುಗಿಸಿಬಿಡುತ್ತೇವೆ. ಓ, ಇಲ್ಲಿ ಪಿಟೀಲು ಮುಖ್ಯ, ಪಿಯಾನೊ ಪಕ್ಕವಾದ್ಯ ಅಂತ. ನಿಜ ಹಾಗಿಲ್ಲ. ಬೀಥೋವನ್ ತನ್ನ ಮೊದಲ ಮೂರು ಸೊನಾಟಾಗಳನ್ನು, ಅಂದರೆ ಓಪಸ್ 12 (ಓಪಸ್ ಅಂದರೆ ಕೃತಿಯ ಕ್ರಮಸಂಖ್ಯೆ) ಅನ್ನು ಅಚ್ಚು ಹಾಕಿಸಿದಾಗ ಮುಖಪುಟದಲ್ಲಿ ಮೊದಲು ಬಂದದ್ದು ಪಿಯಾನೊ. 'ಜೊತೆಗೊಂದು ಪಿಟೀಲು' ಅನ್ನುವುದು ಆಮೇಲಿನ ಮಾತು. ಹತ್ತೊಂಬತ್ತನೇ ಶತಮಾನ ಮುಂದುವರಿದಂತೆ ಪಿಟೀಲಿನವರು ದೊಡ್ಡ ದೊಡ್ಡ ತಾರೆಗಳಾದರು, ಜನರ ಕಣ್ಣು ನಿಂತವರ ಮೇಲೆ ಹೋಯಿತು, ಕೂತವರ ಮೇಲಲ್ಲ.

ಏಮಿ ಬೀಚ್ 1896ರಲ್ಲಿ ಬರೆದ ಎ ಮೈನರ್ (ಎ ಎಂಬ ಸ್ವರವನ್ನು ಆಧಾರವಾಗಿಟ್ಟ, ವಿಷಾದದ ಛಾಯೆಯ ಸ್ವರಶ್ರೇಣಿ) ಸೊನಾಟಾದಲ್ಲಿ, ಓಪಸ್ 34ರಲ್ಲಿ, ಪಿಯಾನೊ ಯಾಕೆ ಇಷ್ಟು ಗಟ್ಟಿಯಾಗಿ ಬೇರೂರಿ ಕೂತಿದೆ? ನನಗೆ ಹೊಳೆಯುವ ಉತ್ತರ ಸಂಗೀತಶಾಸ್ತ್ರದ್ದಲ್ಲ. ಬರೆದವರು ಪಿಯಾನೊ ವಾದಕಿ. ಅದೂ ವೇದಿಕೆ ಏರಿ, ಚಪ್ಪಾಳೆ ಕೇಳಿ, ಹದಿನೆಂಟಕ್ಕೇ ಅಲ್ಲಿಂದ ಇಳಿಯಬೇಕಾಗಿ ಬಂದ ವಾದಕಿ. ನುಡಿಸುವ ಅವಕಾಶ ವರ್ಷಕ್ಕೆ ಬೆರಳೆಣಿಕೆಯಷ್ಟು. ಅಂಥವರು ತಮ್ಮ ಕೈಗೆ ತಾವೇ ಬರೆದುಕೊಳ್ಳುವಾಗ ಪಕ್ಕವಾದ್ಯ ಬರೆದುಕೊಳ್ಳುತ್ತಾರಾ?

ಏಮಿ ಮಾರ್ಸಿ ಚೇನಿ ಹುಟ್ಟಿದ್ದು 1867ರ ಸೆಪ್ಟೆಂಬರ್ 5ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬ ಸಣ್ಣ ಊರಲ್ಲಿ. ಒಂದು ವರ್ಷದ ಮಗುವಾಗಿದ್ದಾಗಲೇ ನಲವತ್ತು ಹಾಡು ಹಾಡುತ್ತಿದ್ದಳು ಅಂತ ಮನೆಯವರು ಹೇಳುತ್ತಿದ್ದರು. ಮನೆಯವರ ಲೆಕ್ಕ, ಸ್ವಲ್ಪ ಆಚೀಚೆ ಇದ್ದರೂ ಇರಬಹುದು. ಅವಳಿಗೆ ಪ್ರತಿ ಶ್ರುತಿಗೂ ಒಂದೊಂದು ಬಣ್ಣ ಕಾಣುತ್ತಿತ್ತು. ಸಿ ಬಿಳಿ, ಇ ಹಳದಿ, ಜಿ ಕೆಂಪು, ಎ ಹಸಿರು. ತಾಯಿ ಕ್ಲಾರಾ ಸ್ವತಃ ಪಿಯಾನೊ ಬಲ್ಲವರು, ಹಾಡುವವರು. ಆದರೂ ಮಗಳನ್ನು ಪಿಯಾನೊ ಹತ್ತಿರ ಸುಲಭವಾಗಿ ಬಿಡಲಿಲ್ಲ. ಕೇಳಿದ್ದೆಲ್ಲ ಕೊಟ್ಟರೆ ಮಗು ಹಟಮಾರಿ ಆಗುತ್ತದೆ ಅನ್ನುವ ಕಾಲ ಅದು. ನಾಲ್ಕು ವರ್ಷದವಳಾಗಿದ್ದಾಗ ಬೇಸಿಗೆಗೆ ಅಜ್ಜನ ಹೊಲದ ಮನೆಗೆ ಹೋಗಿದ್ದಳು. ಅಲ್ಲಿ ಪಿಯಾನೊ ಇರಲಿಲ್ಲ. ವಾಪಸ್ ಬಂದು, ಅಲ್ಲಿ ವಾಲ್ಟ್ಜ್‌ಗಳನ್ನು (ಮೂರರ ತಾಳದ ಕುಣಿತದ ಮಟ್ಟುಗಳು) ಕಟ್ಟಿದೆ ಅಂದಳಂತೆ. ಪಿಯಾನೊ ಇಲ್ಲದೆ ಹೇಗೆ ಅಂತ ಅಮ್ಮ ನಂಬಲಿಲ್ಲ. ಹುಡುಗಿ ಕೂತು ನುಡಿಸಿ ತೋರಿಸಿದಳು. ತಲೆಯಲ್ಲೇ ಕಟ್ಟಿ ಇಟ್ಟುಕೊಂಡು ಬಂದಿದ್ದಳು. ಒಂದರ ಹೆಸರು 'ಅಮ್ಮನ ವಾಲ್ಟ್ಜ್'.

ವಾದ್ಯ ಎದುರಿಗಿಲ್ಲದಿದ್ದರೂ ಸಂಗೀತ ಮಾಡುವ ಈ ಅಭ್ಯಾಸ ಮುಂದೆ ಆಕೆಗೆ ಬಹಳ ಉಪಯೋಗಕ್ಕೆ ಬಂತು.

ಮನೆಯವರು ಬಾಸ್ಟನ್‌ಗೆ ಬಂದರು. ಒಳ್ಳೆಯ ಗುರುಗಳು ಸಿಕ್ಕರು. ಅವರಲ್ಲೊಬ್ಬರು ಕಾರ್ಲ್ ಬೇರ್ಮನ್, ಪ್ರಖ್ಯಾತ ಪಿಯಾನೊ ವಾದಕ ಲಿಸ್ಟ್ ಅವರ ಶಿಷ್ಯ. 1883ರ ಅಕ್ಟೋಬರ್‌ನಲ್ಲಿ, ಹದಿನಾರನೇ ವಯಸ್ಸಿಗೆ, ಬಾಸ್ಟನ್ ಮ್ಯೂಸಿಕ್ ಹಾಲ್‌ನಲ್ಲಿ ಆರ್ಕೆಸ್ಟ್ರಾ ಜೊತೆ ಮೊಶೆಲೆಸ್‌ನ ಕಾನ್ಚೆರ್ಟೊ (ಒಂಟಿ ವಾದ್ಯಕ್ಕೂ ಆರ್ಕೆಸ್ಟ್ರಾಕ್ಕೂ ಬರೆದ ಕೃತಿ) ನುಡಿಸಿದಳು. 1885ರಲ್ಲಿ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಶೋಪಾನ್‌ನ ಎಫ್ ಮೈನರ್ ಕಾನ್ಚೆರ್ಟೊ. ಪತ್ರಿಕೆಗಳು ಹೊಗಳಿದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಮದುವೆ. ವರ ಡಾಕ್ಟರ್ ಹೆನ್ರಿ ಹ್ಯಾರಿಸ್ ಆಬ್ರಿ ಬೀಚ್, ಊರಿನ ಹೆಸರಾಂತ ಸರ್ಜನ್, ಸಂಗೀತ ಪ್ರೇಮಿ, ಆಕೆಗಿಂತ ಇಪ್ಪತ್ತನಾಲ್ಕು ವರ್ಷ ದೊಡ್ಡವರು.

ಮದುವೆಗೆ ಷರತ್ತುಗಳಿದ್ದವು. ಸಾರ್ವಜನಿಕ ಕಛೇರಿ ವರ್ಷಕ್ಕೆ ಒಂದೆರಡು ಸಾಕು, ಬಂದ ದುಡ್ಡು ಧರ್ಮಕಾರ್ಯಕ್ಕೆ ಹೋಗಬೇಕು. ಪಾಠ ಹೇಳಿಕೊಡಬಾರದು. ದುಡ್ಡಿರುವ ಡಾಕ್ಟರ ಹೆಂಡತಿ ಪಿಯಾನೊ ಪಾಠ ಹೇಳಿ ಸಂಪಾದಿಸಿದರೆ ಜನ ಏನಂದಾರು ಅನ್ನುವ ಯೋಚನೆ ನಮಗೆ ಹೊಸದಲ್ಲ ಬಿಡಿ. ಸಂಗೀತ ರಚನೆ ಮಾತ್ರ ಎಷ್ಟು ಬೇಕಾದರೂ ಮಾಡಬಹುದು, ಅದಕ್ಕೆ ಡಾಕ್ಟರದೇ ಒತ್ತಾಸೆ. ಆದರೆ ಅದನ್ನೂ ಗುರುಗಳ ಹತ್ತಿರ ಕಲಿಯುವುದು ಬೇಡ, ಸ್ವಂತಿಕೆ ಹೋಗುತ್ತದೆ ಅಂತ ಅವರ ಅಭಿಪ್ರಾಯ. ಕಾರ್ಯಕ್ರಮ ಪಟ್ಟಿಗಳಲ್ಲಿ, ಅಚ್ಚಾದ ಕೃತಿಗಳ ಮೇಲೆ ಬರುತ್ತಿದ್ದ ಹೆಸರು 'ಮಿಸೆಸ್ ಎಚ್. ಎಚ್. ಎ. ಬೀಚ್'. ಅಷ್ಟು ಇನಿಶಿಯಲ್‌ಗಳಲ್ಲಿ ಒಂದೂ ಆಕೆಯದಲ್ಲ.

ಇಲ್ಲಿ ಡಾಕ್ಟರನ್ನು ಖಳನಾಯಕ ಮಾಡಿಬಿಡುವುದು ಸುಲಭ. ನನಗೆ ಅಷ್ಟು ಸುಲಭ ಅನ್ನಿಸುವುದಿಲ್ಲ. ಅವರು ತಳ್ಳದೆ ಇದ್ದಿದ್ದರೆ ಆಕೆ ಊರೂರು ಸುತ್ತುವ ಒಳ್ಳೆಯ ವಾದಕಿಯಾಗಿ ಉಳಿಯುತ್ತಿದ್ದರೇನೋ. ಆಗ ಈ ಸೊನಾಟಾ, ಮುಂದೆ ಹೇಳುವ ಸಿಂಫನಿ (ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ) ಯಾವುದೂ ಇರುತ್ತಿರಲಿಲ್ಲ. ಹಾಗಂತ ಆ ಷರತ್ತು ಸರಿ ಅನ್ನುವುದಕ್ಕೂ ಬಾಯಿ ಬರುವುದಿಲ್ಲ. ಎರಡೂ ನಿಜ. ಎರಡನ್ನೂ ಇಟ್ಟುಕೊಂಡೇ ಕೇಳಬೇಕು.

ಸ್ವರಮೇಳದ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಹೊಂದಿಸುವ ವಿದ್ಯೆಯ, ಪಾಠ ಗುರುಗಳಿಂದ ಆಗಿದ್ದು ಒಂದೇ ವರ್ಷ, ಅದೂ ಮದುವೆಗೆ ಮುಂಚೆ. ಮಿಕ್ಕಿದ್ದೆಲ್ಲ ಮನೆಯಲ್ಲಿ ಕೂತು ಸ್ವಂತವಾಗಿ ಕಲಿತದ್ದು. ಬಾಖ್‌ನ ಫ್ಯೂಗ್‌ಗಳನ್ನು (ಒಂದೇ ಎಳೆಯನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆಗಳು) ಬಾಯಿಪಾಠ ಮಾಡಿ, ನೆನಪಿನಿಂದಲೇ ಹಾಳೆಯ ಮೇಲೆ ಬರೆದು, ಮೂಲದ ಜೊತೆ ಹೋಲಿಸಿ ನೋಡುತ್ತಿದ್ದರು. ಆರ್ಕೆಸ್ಟ್ರಾ ಕೇಳಿ ಬಂದ ಮೇಲೆ ಯಾವ ಸಾಲು ಯಾವ ವಾದ್ಯಕ್ಕೆ ಹೋಗಿತ್ತು ಅಂತ ಬರೆದು ನೋಡುವುದು. ವಾದ್ಯಸಂಯೋಜನೆ ಬಗ್ಗೆ ಸಂಯೋಜಕ ಬರ್ಲಿಯೋಜ್ ಬರೆದ ಗ್ರಂಥವನ್ನು ಫ್ರೆಂಚ್‌ನಿಂದ ಸ್ವತಃ ಅನುವಾದ ಮಾಡಿಕೊಂಡು ಓದಿದರು. ಏಕಲವ್ಯನ ಹಾದಿ. ಹೆಬ್ಬೆರಳು ಉಳಿಯಿತು, ಪುಣ್ಯ.

1892ರಲ್ಲಿ ಇನ್ನೊಂದು ಘಟನೆ. ಆಗಷ್ಟೇ ಅಮೆರಿಕಕ್ಕೆ ಬಂದಿದ್ದ ಚೆಕ್ ಸಂಯೋಜಕ ದ್ವೊರ್ಜಾಕ್, ಹೆಂಗಸರು ವಾದ್ಯ ನುಡಿಸುತ್ತಾರೆ, ಚೆನ್ನಾಗಿದೆ, ಆದರೆ ಅವರಿಗೆ ಸೃಷ್ಟಿಸುವ ಶಕ್ತಿ ಇಲ್ಲ ಅನ್ನುವ ಅರ್ಥದ ಮಾತಾಡಿದರು. ಅದು ಬಾಸ್ಟನ್‌ನ ಪತ್ರಿಕೆಯಲ್ಲಿ ಬಂತು. ಸ್ವಲ್ಪ ದಿನದಲ್ಲೇ ಬೀಚ್ ಕೂಡ ಪತ್ರಿಕೆಯಲ್ಲೇ ಉತ್ತರ ಕೊಟ್ಟರು. ಕೋಪವಿಲ್ಲ, ಕಣ್ಣೀರಿಲ್ಲ, ಬರೀ ಲೆಕ್ಕ. 1675ರಿಂದ 1885ರವರೆಗೆ ಹೆಂಗಸರು ರಚಿಸಿದ ರಂಗಕೃತಿಗಳು ಮತ್ತಿತರ ದೊಡ್ಡ ಕೃತಿಗಳು 153, ಅದರಲ್ಲಿ ಗಂಭೀರ ಒಪೆರಾಗಳೇ 55, ಹೀಗೆ ಪಟ್ಟಿ. ಈ ಉತ್ತರ ನನಗೆ ಬಹಳ ಇಷ್ಟ. ಬಾಯಿ ಮಾಡುವವರ ಮುಂದೆ ಖಾತೆ ಪುಸ್ತಕ ತೆರೆದಿಟ್ಟ ಹಾಗೆ. ಆದರೆ ಇದಕ್ಕಿಂತ ದೊಡ್ಡ ಉತ್ತರ ಬಂದದ್ದು 1896ರಲ್ಲಿ. ಅಕ್ಟೋಬರ್ 30ಕ್ಕೆ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ಆಕೆಯ 'ಗೇಲಿಕ್' ಸಿಂಫನಿ ನುಡಿಸಿತು. ಅಮೆರಿಕದ ಹೆಣ್ಣುಮಗಳೊಬ್ಬಳ ಸಿಂಫನಿ ಹೀಗೆ ವೇದಿಕೆಗೆ ಬಂದದ್ದು ಅದೇ ಮೊದಲು. ಬಾಸ್ಟನ್‌ನ ಸಂಯೋಜಕ ಜಾರ್ಜ್ ಚಾಡ್ವಿಕ್ ಮೆಚ್ಚಿ ಪತ್ರ ಬರೆದರು. ಇನ್ನು ಮೇಲೆ ನಿಮ್ಮನ್ನೂ ನಮ್ಮ ಹುಡುಗರಲ್ಲಿ ಒಬ್ಬರು ಅಂತ ಎಣಿಸಬೇಕು, ನೀವು ಒಪ್ಪಿದರೂ ಸರಿ ಬಿಟ್ಟರೂ ಸರಿ ಅಂತ. ಪ್ರೀತಿಯಿಂದಲೇ ಬರೆದದ್ದು, ಅನುಮಾನವಿಲ್ಲ. ಆದರೂ ಓದಿದಾಗ ನಗು ಬರುತ್ತದೆ, ಅಲ್ವಾ?

ಸೊನಾಟಾ ಅದೇ ವರ್ಷದ ವಸಂತದ ಕೂಸು. ಸಿಂಫನಿ ಮುಗಿಸಿದ ಕೈ ಇನ್ನೂ ಆರಿರಲಿಲ್ಲ. ಮೊದಲ ಪ್ರದರ್ಶನ 1897ರ ಜನವರಿ 4, ಬಾಸ್ಟನ್. ಪಿಟೀಲು ಫ್ರಾಂಜ್ ಕ್ನೈಸೆಲ್, ಬಾಸ್ಟನ್ ಸಿಂಫನಿಯ ಮೊದಲ ಪಿಟೀಲುಗಾರರು, ಅವರದೇ ಹೆಸರಿನ ಪ್ರಸಿದ್ಧ ಕ್ವಾರ್ಟೆಟ್ (ನಾಲ್ವರ ತಂಡ) ನಡೆಸುತ್ತಿದ್ದವರು. ಪಿಯಾನೊ, ಸ್ವತಃ ಮಿಸೆಸ್ ಬೀಚ್.

ನಾಲ್ಕು ಭಾಗಗಳು, ಒಟ್ಟು ಸುಮಾರು ಅರ್ಧ ಗಂಟೆ. ಮೊದಲ ಭಾಗದ ಬಗ್ಗೆ ಆಗಲೇ ಹೇಳಿದೆ. ಅದನ್ನು ಕೇಳಿದ ಬಹಳ ಜನ ಜರ್ಮನ್ ಸಂಯೋಜಕ ಬ್ರಾಮ್ಸ್ ಹೆಸರು ಎತ್ತುತ್ತಾರೆ. ತಪ್ಪೇನಲ್ಲ, ಪಿಯಾನೊದ ದಪ್ಪ ಸ್ವರಗುಚ್ಛಗಳು, ಸಣ್ಣ ಎಳೆಯನ್ನು ಬಿಡದೆ ಬೆಳೆಸುವ ಜಿಗುಟು ಅಲ್ಲಿಂದ ಬಂದಿರಬಹುದು. ಆದರೆ ಬ್ರಾಮ್ಸ್ ತಡೆದು ನಿಲ್ಲಿಸುವ ಕಡೆ ಬೀಚ್ ಹರಿಯಬಿಡುತ್ತಾರೆ. ಭಾವ ತುಂಬಿ ಬಂದಾಗ ನಾಚಿಕೊಳ್ಳುವುದಿಲ್ಲ. ಕೆಲವರಿಗೆ ಇದು ಜಾಸ್ತಿ ಅನ್ನಿಸುತ್ತದೆ.

ಎರಡನೇ ಭಾಗ ಸ್ಕೆರ್ಟ್ಸೊ, ಅಂದರೆ ಚೇಷ್ಟೆಯ ತುಣುಕು; ಜಿ ಮೇಜರ್ (ಮೈನರ್‌ಗಿಂತ ಬೆಳಕಿನ ಛಾಯೆಯ ಸ್ವರಶ್ರೇಣಿ), ಬಹಳ ಚುರುಕು. ನಾಲ್ಕೈದು ನಿಮಿಷದಲ್ಲಿ ಮುಗಿದೇ ಹೋಗುತ್ತದೆ. ಪಿಟೀಲು, ಪಿಯಾನೊ ಒಂದರ ಹಿಂದೊಂದು ಓಡುತ್ತವೆ, ಎಡವದೆ, ಉಸಿರು ಬಿಡದೆ. ನನಗೆ ಮುಖ್ಯ ಅನ್ನಿಸುವುದು ನಡುವೆ ಬರುವ ನಿಧಾನದ ತುಣುಕು. ಓಟ ನಿಲ್ಲುತ್ತದೆ, ಮೇಜರ್ ಹೋಗಿ ಮೈನರ್ ಬರುತ್ತದೆ. ಪಿಟೀಲು ಒಂದೇ ಸ್ವರವನ್ನು ಹಿಡಿದು ನಿಂತುಬಿಡುತ್ತದೆ. ಉದ್ದಕ್ಕೆ, ಕದಲದೆ. ಅದರ ಪಕ್ಕದಲ್ಲಿ ಪಿಯಾನೊ ತನ್ನ ಪಾಡಿಗೆ ಹಾಡಿಕೊಳ್ಳುತ್ತಾ ಹೋಗುತ್ತದೆ. ಪಶ್ಚಿಮದ ಕಿವಿಗೆ ಇದು ಸ್ವರಮೇಳದ ಒಂದು ಉಪಾಯ. ನಮ್ಮ ಕಿವಿಗೆ ಮಾತ್ರ ಬೇರೆಯೇ ಕೇಳುತ್ತದೆ. ಇಷ್ಟು ಹೊತ್ತು ಮೆರೆದ ಪಿಟೀಲು ತಂಬೂರಿಯಾಗಿ ಕೂತಿದೆ! ಶ್ರುತಿ ಹಿಡಿಯುವ ಕೆಲಸ ಅದಕ್ಕೆ, ಹಾಡುವ ಕೆಲಸ ಇದಕ್ಕೆ. ಆ ಒಂದು ಸ್ವರವನ್ನು ಹಿಡಿಯುವುದು ಸುಲಭವೂ ಅಲ್ಲ. ಕಮಾನು ತಿರುಗುವಾಗ ಸಂದು ಕಾಣಬಾರದು, ದನಿ ಸತ್ತೂ ಹೋಗಬಾರದು, ಪಿಯಾನೊವನ್ನು ಮುಚ್ಚಲೂಬಾರದು. ಒಳ್ಳೆಯ ಪಿಟೀಲಿನವರ ವಿನಯ ಇಲ್ಲಿ ಗೊತ್ತಾಗುತ್ತದೆ. ಕೆಲವರಿಗೆ ಸುಮ್ಮನಿರಲು ಆಗುವುದೇ ಇಲ್ಲ, ಆ ಸ್ವರವನ್ನೂ ನಡುಗಿಸಿ ಕುಣಿಸಿ ತಮ್ಮ ಕಡೆ ಎಳೆದುಕೊಳ್ಳುತ್ತಾರೆ.

ಮೂರನೇ ಭಾಗದ ಮೇಲೆ ಬರೆದಿರುವ ಸೂಚನೆ 'ಲಾರ್ಗೊ ಕಾನ್ ಡೊಲೊರೆ'. ತೀರ ನಿಧಾನ, ನೋವಿನಿಂದ. ಇ ಮೈನರ್. ಇಲ್ಲೂ ಮೊದಲು ಬಾಯಿ ಬಿಡುವುದು ಪಿಯಾನೊ, ಒಂದೇ, ಸಾಕಷ್ಟು ಹೊತ್ತು. ಪಿಟೀಲು ಬಂದ ಮೇಲೆ ಇಬ್ಬರೂ ಅದೇ ದುಃಖವನ್ನು ಒಂದೊಂದು ಮೆಟ್ಟಿಲು ಮೇಲೆ ಹತ್ತಿಸುತ್ತಾ ಹೋಗುತ್ತಾರೆ. ಮಧ್ಯದಲ್ಲಿ ಒಂದು ಕಡೆ ಸೊನಾಟಾ ಅನ್ನುವುದು ಮರೆತು, ಪೂರಾ ಆರ್ಕೆಸ್ಟ್ರಾ ಬಂತೇನೋ ಅನ್ನಿಸುವಷ್ಟು ದನಿ ತುಂಬುತ್ತದೆ. ಎರಡು ವಾದ್ಯದಿಂದ ಇಷ್ಟು ದನಿ ಬರುತ್ತಿದ್ದರೆ ಅದರಲ್ಲಿ ಮುಕ್ಕಾಲು ಪಾಲು ಪಿಯಾನೊದ್ದು. ಆಕೆಯ ಎರಡು ಕೈಗಳದ್ದು. ಅಚ್ಚಾದ ಸ್ವರಲಿಪಿ ಈಗ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಸ್ವರಲಿಪಿ ಓದಲು ಬರದಿದ್ದರೂ ಪುಟ ತೆರೆದು ನೋಡಿ. ಮೇಲೆ ಪಿಟೀಲಿನದು ಒಂದೇ ಗೆರೆ, ಕೆಳಗೆ ಪಿಯಾನೊದ ಎರಡು ಸಾಲು ಮಸಿಯಿಂದ ಕಪ್ಪಾಗಿ ಕಾಣುತ್ತದೆ. ಕೈ ಅಗಲ ಇಲ್ಲದವರು, ಬಲ ಇಲ್ಲದವರು ಹತ್ತಿರ ಸುಳಿಯುವ ಹಾಗಿಲ್ಲ.

ಕೊನೆಯ ಭಾಗ ನನಗೆ ಅಷ್ಟು ಒಗ್ಗಿಲ್ಲ. 'ಕಾನ್ ಫುಓಕೊ', ಬೆಂಕಿಯ ಹಾಗೆ ಅಂತ ಸೂಚನೆ ಇದೆ, ಬೆಂಕಿಯೇನೋ ಇದೆ. ನಡುವೆ ಫ್ಯೂಗ್ ಶೈಲಿಯಲ್ಲಿ ಒಂದು ದನಿಯನ್ನು ಇನ್ನೊಂದು ಅಟ್ಟಿಸಿಕೊಂಡು ಹೋಗುವ ತುಣುಕು ಬರುತ್ತದೆ. ಕೆಲಸ ಅಚ್ಚುಕಟ್ಟು. ಆದರೆ ಅಲ್ಲಿ ಯಾರಿಗೋ ಏನನ್ನೋ ರುಜುವಾತು ಮಾಡುತ್ತಿರುವ ಹಾಗೆ ನನಗೆ ಕೇಳುತ್ತದೆ. ನೋಡಿ, ಇದೂ ಬರುತ್ತದೆ ನನಗೆ, ಅನ್ನುವ ಹಾಗೆ. ಬಾಖ್‌ನ ಫ್ಯೂಗ್‌ಗಳನ್ನು ನೆನಪಿನಿಂದ ಬರೆದವರಿಗೆ ಆ ಆಸೆ ಬಂದರೆ ತಪ್ಪೂ ಅಲ್ಲ.

ಅಚ್ಚಾಗಿದ್ದು 1899ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ ಹಾಲಿರ್ ಅವರ ಪಿಟೀಲಿನ ಜೊತೆ ಇದನ್ನು ನುಡಿಸಿದವರು ತೆರೇಸಾ ಕರೇನ್ಯೊ. ಇವರ ಬಗ್ಗೆ ಒಂದು ಮಾತು ಹೇಳಲೇಬೇಕು. ವೆನೆಜುವೆಲಾದ ಕರಾಕಸ್‌ನಲ್ಲಿ ಹುಟ್ಟಿ, ಹುಡುಗಿಯಾಗಿದ್ದಾಗಲೇ ಶ್ವೇತಭವನದಲ್ಲಿ ಲಿಂಕನ್ ಎದುರು ಪಿಯಾನೊ ನುಡಿಸಿ, ನಾಲ್ಕು ಮದುವೆಯಾಗಿ, ಮಕ್ಕಳನ್ನು ಹೆತ್ತು, ದೇಶ ದೇಶ ಸುತ್ತಿ ಕಛೇರಿ ಕೊಟ್ಟ ಗಟ್ಟಿಗಿತ್ತಿ. ಬೀಚ್ ಬದುಕಿಗೆ ಪೂರಾ ತಿರುವುಮುರುವು. ಬಾಸ್ಟನ್‌ನ ಮನೆಯಲ್ಲಿ ಕೂತು ಬರೆದ ಪಿಯಾನೊ ಭಾಗ, ಊರು ಸುತ್ತುವ ಇನ್ನೊಬ್ಬ ಹೆಂಗಸಿನ ಕೈಯಲ್ಲಿ ಯುರೋಪಿಗೆ ಹೋಯಿತು. ಈ ಸೊನಾಟಾ ಅಭ್ಯಾಸ ಮಾಡಿದಷ್ಟು ಸಂತೋಷ ತನಗೆ ಜೀವನದಲ್ಲಿ ಇನ್ಯಾವುದರಲ್ಲೂ ಸಿಕ್ಕಿಲ್ಲ ಅಂತ ಕರೇನ್ಯೊ ಬೀಚ್‌ಗೆ ಪತ್ರ ಬರೆದರು. ಜನ ಮೆಚ್ಚಿದರು, ಅದು ಜನರ ಹೆಗ್ಗಳಿಕೆ ಅಂತಲೂ ಸೇರಿಸಿದರು. ಎಂಥ ಮಾತು! ಬೀಚ್ ತಮ್ಮ ಪಿಯಾನೊ ಕಾನ್ಚೆರ್ಟೊವನ್ನು ಕರೇನ್ಯೊ ಅವರಿಗೇ ಅರ್ಪಿಸಿದರು.

ಬರ್ಲಿನ್ ವಿಮರ್ಶಕರಲ್ಲಿ ಕೆಲವರು ಮುಖ ಸಿಂಡರಿಸಿದರು. ಚೇಂಬರ್ ಸಂಗೀತಕ್ಕೆ, ಅಂದರೆ ಕೆಲವೇ ವಾದ್ಯಗಳ ಸಂಗೀತಕ್ಕೆ, ಇಷ್ಟು ಕೈಚಳಕ ಅತಿಯಾಯಿತು ಅಂತ ಒಂದು ದೂರು. ದೂರು ಸುಳ್ಳಲ್ಲ. ಅತಿ ಆಗಿದ್ದು ಯಾಕೆ ಅನ್ನುವುದು ಅವರಿಗೆ ಗೊತ್ತಿರಲಿಕ್ಕಿಲ್ಲ ಅಷ್ಟೇ. ಇದಕ್ಕೆ ಹನ್ನೆರಡು ವರ್ಷ ಮೊದಲು, 1887ರಲ್ಲಿ, ಇಂಗ್ಲೆಂಡಿನ ಎಥೆಲ್ ಸ್ಮಿತ್ ಅವರ ಪಿಟೀಲು ಸೊನಾಟಾ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮೊದಲ ಸಲ ಕೇಳಿಬಂತು. ಅದೂ ಎ ಮೈನರ್, ಕಾಕತಾಳೀಯ. ಆಗ ವಿಮರ್ಶಕರ ತಕರಾರು ಏನು ಗೊತ್ತಾ? ಇದರಲ್ಲಿ ಹೆಣ್ಣಿನ ಲಾಲಿತ್ಯ ಇಲ್ಲ, ಹಾಗಾಗಿ ಹೆಣ್ಣು ಬರೆಯುವಂಥದ್ದಲ್ಲ ಅಂತ. ಮೆದುವಾಗಿ ಬರೆದಿದ್ದರೆ ಡ್ರಾಯಿಂಗ್ ರೂಮಿನ ಸಂಗೀತ ಅನ್ನುತ್ತಿದ್ದರು.

1910ರ ಜೂನ್‌ನಲ್ಲಿ ಡಾಕ್ಟರ್ ಬೀಚ್ ತೀರಿಕೊಂಡರು. ಮುಂದಿನ ವರ್ಷದ ಆರಂಭದಲ್ಲೇ ತಾಯಿ. ಆಕೆಗೆ ಆಗ ನಲವತ್ಮೂರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹಡಗು ಹತ್ತಿ ಯುರೋಪಿಗೆ ಹೋದರು. ಸ್ವಲ್ಪ ಸುಧಾರಿಸಿಕೊಂಡು 1912ರ ಅಕ್ಟೋಬರ್‌ನಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ವೇದಿಕೆ ಏರಿದರು. ನುಡಿಸಿದ್ದು ಇದೇ ಸೊನಾಟಾ. ಧರ್ಮಕಾರ್ಯಕ್ಕಲ್ಲ, ಮಿಸೆಸ್ ಡಾಕ್ಟರ್ ಆಗಿಯೂ ಅಲ್ಲ. 1914ರಲ್ಲಿ ಯುದ್ಧ ಶುರುವಾಗುವವರೆಗೂ ಅಲ್ಲೇ ಇದ್ದು ನುಡಿಸಿದರು. ವಾಪಸ್ ಬಂದ ಮೇಲೆ ಅಮೆರಿಕದ ಉದ್ದಗಲಕ್ಕೂ ಸುತ್ತಿ ಕಛೇರಿ ಕೊಟ್ಟರು. 1944ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಹದಿನೆಂಟಕ್ಕೆ ನಿಂತುಹೋದ ಕೆಲಸವನ್ನು ನಲವತ್ತೈದಕ್ಕೆ ಮತ್ತೆ ಹಿಡಿದು ಇಷ್ಟು ದೂರ ಹೋಗುವುದು ನನಗಂತೂ ಸೊನಾಟಾದಷ್ಟೇ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಆಮೇಲೆ ಈ ಸಂಗೀತ ಮೂಲೆಗೆ ಬಿತ್ತು. ಅದು ಹಳೇ ಕಥೆ, ವಿವರಿಸುವುದು ಬೇಡ. 1977ರಲ್ಲಿ ಜೋಸೆಫ್ ಸಿಲ್ವರ್‌ಸ್ಟೈನ್ ಮತ್ತು ಗಿಲ್ಬರ್ಟ್ ಕಾಲಿಷ್ ಇದರ ರೆಕಾರ್ಡಿಂಗ್ ಹೊರತಂದರು. ಸಿಲ್ವರ್‌ಸ್ಟೈನ್ ಆಗ ಬಾಸ್ಟನ್ ಸಿಂಫನಿಯ ಮೊದಲ ಪಿಟೀಲುಗಾರರು. ಎಂಬತ್ತು ವರ್ಷದ ಹಿಂದೆ ಕ್ನೈಸೆಲ್ ಕೂರುತ್ತಿದ್ದ ಅದೇ ಕುರ್ಚಿ. ಈಗಂತೂ ಬೇಕಾದಷ್ಟು ಸಿಗುತ್ತವೆ, ಫೋನಿನಲ್ಲೇ ಕೇಳಬಹುದು.

ಹೊಸದಾಗಿ ಕೇಳುವವರು ಮೊದಲ ಭಾಗದಿಂದ ಶುರು ಮಾಡಬೇಡಿ. ಸ್ಕೆರ್ಟ್ಸೊ ಹಾಕಿ, ಚಿಕ್ಕದು, ಬೇಗ ಹತ್ತಿರವಾಗುತ್ತದೆ. ನಡುವಿನ ನಿಧಾನದ ತುಣುಕು ಬಂದಾಗ ಪಿಯಾನೊ ಎಲ್ಲಿದೆ ಅಂತ ಗಮನಿಸಿ. ಕೆಲವು ರೆಕಾರ್ಡಿಂಗ್‌ಗಳಲ್ಲಿ ಮೈಕನ್ನು ಪಿಟೀಲಿನ ಮೂತಿಗೇ ಹಿಡಿದು, ಪಿಯಾನೊವನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದ ಹಾಗೆ ಮಾಡಿರುತ್ತಾರೆ. ಹಾಗೆ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ, ಬೇರೆಯವರದು ಹುಡುಕಿ.